ವರ್ಕ್ ಮೆಮ್ ಜಾಸ್ತಿ ಮಾಡಿ ನಾನು ಪಟ್ಟ ಪಾಡು

ಮೂರು ರಾತ್ರಿ ಒಂದೇ ಸಮನೆ, ಸುಮಾರು ಎರಡು ಗಂಟೆಗೆ, ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್ ಬಿದ್ದು, ತಾನೇ ಎದ್ದು ಕೂರುತ್ತಿತ್ತು. ಬೆಳಗ್ಗೆ ನೋಡಿದರೆ ಎಲ್ಲ ಸರಿಯಾಗೇ ಇರುತ್ತಿತ್ತು. ರಾತ್ರಿಯ ರಿಪೋರ್ಟ್‌ಗಳು ಮಾತ್ರ ಅರ್ಧಕ್ಕೆ ನಿಂತಿರುತ್ತಿದ್ದವು.

ಲಾಗ್‌ನಲ್ಲಿ ಒಂದು ಪ್ರೋಸೆಸ್ ಸಿಗ್ನಲ್ 9ರಿಂದ ಸತ್ತಿದೆ ಅಂತ ಬರೆದಿತ್ತು. ಅಂದರೆ ಪೋಸ್ಟ್‌ಗ್ರೆಸ್ ತಾನಾಗಿ ಬಿದ್ದಿದ್ದಲ್ಲ, ಹೊರಗಿನಿಂದ ಯಾರೋ ಕೊಂದಿದ್ದಾರೆ. ಲಿನಕ್ಸ್ ಕರ್ನಲ್ ಲಾಗ್ ನೋಡಿದೆ. ಮೆಮೊರಿ ಮುಗಿದಾಗ ಯಾವುದಾದರೂ ಪ್ರೋಸೆಸ್ ಕೊಂದು ಜಾಗ ಮಾಡುವ ಓಓಎಂ ಕಿಲ್ಲರ್ ಅಲ್ಲಿ ಸಿಕ್ಕಿಬಿತ್ತು. ಅದು ಕೊಂದದ್ದು ಒಂದನ್ನೇ. ಆದರೆ ಎಲ್ಲ ಪ್ರೋಸೆಸ್‌ಗಳೂ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಅಂತ ಪೋಸ್ಟ್‌ಗ್ರೆಸ್ ಉಳಿದ ಕನೆಕ್ಷನ್‌ಗಳನ್ನೂ ಕಡಿದು ಮತ್ತೆ ಶುರುವಾಗುತ್ತದೆ.

ಮೊದಲು ಶೇರ್ಡ್ ಬಫರ್ಸ್, ಅಂದರೆ ಆ ಹಂಚಿಕೆಯ ಮೆಮೊರಿಯಲ್ಲಿರುವ ಡೇಟಾ ಕ್ಯಾಶ್, ಅದರ ಮೇಲೆ ಅನುಮಾನ ಬಂತು. ಪ್ರೋಸೆಸ್‌ಗಳ ಮೆಮೊರಿ ತೋರಿಸುವ 'ಟಾಪ್' ತೆಗೆದರೆ ಪ್ರತಿ ಪ್ರೋಸೆಸ್ ಎದುರೂ ಮೂರು ಜಿಬಿ, ನಾಲ್ಕು ಜಿಬಿ! ಕೂಡಿಸಿದರೆ ಸರ್ವರ್‌ನ 16 ಜಿಬಿಯನ್ನೂ ದಾಟುತ್ತಿತ್ತು. ಅರ್ಧ ದಿನ ಸುಮ್ನೆ ಹಾಳಾಯಿತು. ಒಂದೇ ಹಂಚಿಕೆಯ ಮೆಮೊರಿಯನ್ನು 'ಟಾಪ್' ಪ್ರತಿ ಪ್ರೋಸೆಸ್‌ನ ಲೆಕ್ಕಕ್ಕೂ ಸೇರಿಸಿ ತೋರಿಸುತ್ತದೆ, ಅಷ್ಟೇ. ಶೇರ್ಡ್ ಬಫರ್ಸ್ ಇದ್ದದ್ದು 4 ಜಿಬಿ, ಒಟ್ಟು ರ್‍ಯಾಮ್‌ನ ಕಾಲು ಭಾಗ. ಅದರ ತಪ್ಪೇನೂ ಇರಲಿಲ್ಲ.

ತಪ್ಪು ನನ್ನದೇ. ಒಂದು ರಿಪೋರ್ಟ್ ನಿಧಾನ ಅಂತ, ಡಿಫಾಲ್ಟ್ ಆಗಿ 4 ಎಂಬಿ ಇರುವ ವರ್ಕ್ ಮೆಮ್ (ಕ್ವೆರಿಯ ಕೆಲಸಕ್ಕೆ ಬಳಸಬಹುದಾದ ಮೆಮೊರಿಯ ಮಿತಿ) ಅನ್ನು ಇಡೀ ಸರ್ವರ್‌ಗೆ 256 ಎಂಬಿ ಮಾಡಿದ್ದೆ. ಒಂದು ಕನೆಕ್ಷನ್‌ಗೆ 256, ಹತ್ತು ಕನೆಕ್ಷನ್ ಅಂದರೂ ಎರಡೂವರೆ ಜಿಬಿ ಅಂದುಕೊಂಡಿದ್ದೆ. ಆದರೆ ಆ ಮಿತಿ ಕನೆಕ್ಷನ್‌ಗಲ್ಲ. ಕ್ವೆರಿಯೊಳಗಿನ ಒಂದೊಂದು ಸಾರ್ಟ್‌ಗೆ (ಸಾಲುಗಳನ್ನು ಕ್ರಮಕ್ಕೆ ಹಾಕುವುದು), ಒಂದೊಂದು ಹ್ಯಾಶ್‌ಗೆ (ಸಾಲುಗಳನ್ನು ಬೇಗ ಹುಡುಕಲು ಮೆಮೊರಿಯಲ್ಲಿ ಕಟ್ಟುವ ಕೋಷ್ಟಕ) ಬೇರೆ ಬೇರೆ. ಅದರಲ್ಲೂ 15ನೇ ಆವೃತ್ತಿಯಿಂದ ಹ್ಯಾಶ್‌ಗೆ ಡಿಫಾಲ್ಟ್ ಆಗಿಯೇ ಎರಡು ಪಟ್ಟು ಸಿಗುತ್ತದೆ.

ನಮ್ಮ ರಿಪೋರ್ಟ್‌ನ ಎಕ್ಸ್‌ಪ್ಲೇನ್, ಅಂದರೆ ಕ್ವೆರಿ ಯಾವ ಹಂತಗಳಲ್ಲಿ ಓಡುತ್ತದೆ ಅನ್ನುವ ಪಟ್ಟಿ, ತೆಗೆದೆ. ಎರಡು ಹ್ಯಾಶ್ ಜಾಯಿನ್, ಒಂದು ಸಾರ್ಟ್. 512, 512, 256: ಕೂಡಿದರೆ 1.25 ಜಿಬಿ. ಅದರ ಮೇಲೆ, ಕೆಲಸ ಹಂಚಿಕೊಳ್ಳುವ ಎರಡು ಪ್ಯಾರಲಲ್ ವರ್ಕರ್. ಮುಖ್ಯ ಪ್ರೋಸೆಸ್ ಸೇರಿ ಮೂರು, ಅಂದರೆ 3.75 ಜಿಬಿವರೆಗೆ ಹೋಗಬಹುದು. ರಾತ್ರಿ ಎರಡಕ್ಕೆ ಇಂಥ ಮೂರು ರಿಪೋರ್ಟ್ ಒಟ್ಟಿಗೇ ಓಡುತ್ತಿದ್ದವು. 11.25ಕ್ಕೆ ಬಫರ್‌ನ 4 ಸೇರಿಸಿ ನೋಡಿ. ಇನ್ನು ಆಪರೇಟಿಂಗ್ ಸಿಸ್ಟಮ್‌ಗೆ ಉಳಿದದ್ದೆಷ್ಟು?

ಸರ್ವರ್ ಮಟ್ಟದಲ್ಲಿ ವರ್ಕ್ ಮೆಮ್ ಅನ್ನು 8 ಎಂಬಿಗೆ ಇಳಿಸಿದೆ. ರಿಪೋರ್ಟ್ ಓಡಿಸುವ ಯೂಸರ್‌ಗೆ ಮಾತ್ರ ಆಲ್ಟರ್ ರೋಲ್ ಕಮಾಂಡ್ ಬಳಸಿ 64 ಎಂಬಿ ಕೊಟ್ಟೆ. ಸಾಲದೇ ಬಂದರೆ ಡಿಸ್ಕ್‌ನಲ್ಲಿ ಟೆಂಪ್ ಫೈಲ್ ಆಗುತ್ತದೆ, ಆಗಲಿ. ಅದು ಕಾಣಲಿ ಅಂತ ಲಾಗ್ ಟೆಂಪ್ ಫೈಲ್ಸ್ ಆನ್ ಮಾಡಿದೆ.

ಕರ್ನಲ್‌ನಲ್ಲಿ ಓವರ್‌ಕಮಿಟ್ ಮೆಮೊರಿ ಸೆಟ್ಟಿಂಗ್ ಅನ್ನು 2 ಮಾಡಿದೆ, ಅಂದರೆ ಗೊತ್ತಾದ ಮಿತಿ ಮೀರಿ ಯಾರಿಗೂ ಮೆಮೊರಿ ಕೊಡಬೇಡ ಅಂತ. ಹೀಗಿದ್ದರೆ ಮೆಮೊರಿ ಸಾಲದಾಗ ಸಾಮಾನ್ಯವಾಗಿ ಆ ಒಂದು ಕ್ವೆರಿಗೆ ಎರರ್ ಬರುತ್ತದೆ, ಸರ್ವರ್ ಬೀಳುವುದಿಲ್ಲ. ಇಲ್ಲೂ ಒಮ್ಮೆ ಎಡವಿದೆ ಅನ್ನಿ. ಆ ಮಿತಿಗೆ ರ್‍ಯಾಮ್‌ನ ಶೇಕಡಾ ಎಷ್ಟು ಅಂತ ಹೇಳುವ ರೇಷಿಯೋವನ್ನು ಡಿಫಾಲ್ಟ್ 50ರಲ್ಲೇ ಬಿಟ್ಟಿದ್ದೆ. ಅರ್ಧ ರ್‍ಯಾಮ್ ಮತ್ತು 2 ಜಿಬಿ ಸ್ವಾಪ್ (ಮೆಮೊರಿಗೆಂದು ಡಿಸ್ಕ್‌ನಲ್ಲಿ ಇಟ್ಟ ಜಾಗ), ಒಟ್ಟು 10 ಜಿಬಿಗೇ ಮಿತಿ ಬಿತ್ತು. ರ್‍ಯಾಮ್ ಖಾಲಿ ಇದ್ದರೂ ಹೊಸ ಕನೆಕ್ಷನ್ ಆಗಲಿಲ್ಲ. 80ಕ್ಕೆ ಏರಿಸಿದ ಮೇಲೆ ಸರಿಹೋಯಿತು.

ಆ ರಿಪೋರ್ಟ್‌ಗೆ ಈಗ ಮೊದಲಿಗಿಂತ ನಾಲ್ಕು ನಿಮಿಷ ಜಾಸ್ತಿ ಬೇಕು. ರಾತ್ರಿ ಎರಡಕ್ಕೆ ಅದಕ್ಕಾಗಿ ಯಾರೂ ಕಾದು ಕೂತಿರುವುದಿಲ್ಲ, ಅಲ್ವಾ?