ಬ್ರಿಟನ್‌ಗೆ ಹೊಸದಾಗಿ ಬಂದವರಿಗೆ: 999 ಒತ್ತಿದರೆ ನೀವಿರುವ ಜಾಗ ಅವರಿಗೆ ಹೇಗೆ ಗೊತ್ತಾಗುತ್ತದೆ?

ಊರಲ್ಲಿ 108, 112 ಇದ್ದ ಹಾಗೆ ಇಲ್ಲಿ ಪೊಲೀಸ್, ಆಂಬುಲೆನ್ಸ್, ಫೈರ್ ಎಲ್ಲಕ್ಕೂ 999. 112 ಒತ್ತಿದರೂ ಅಲ್ಲಿಗೇ ಹೋಗುತ್ತದೆ. ಕರೆಗೆ ದುಡ್ಡಿಲ್ಲ.

ಹೊಸಬರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಬೀದಿ ಹೆಸರೇ ಗೊತ್ತಿಲ್ಲದ ಕಡೆ ಏನಾದರೂ ಆದರೆ ಎಲ್ಲಿದ್ದೀನಿ ಅಂತ ಹೇಗೆ ಹೇಳೋದು?" ಧೈರ್ಯವಾಗಿರಿ, ಇದರಲ್ಲಿ ದೊಡ್ಡ ಪಾಲು ಕೆಲಸವನ್ನು ಫೋನೇ ಮಾಡುತ್ತದೆ. ನೀವು 999 ಒತ್ತಿದ ಕೂಡಲೇ, ಲೊಕೇಶನ್ ಆಫ್ ಆಗಿದ್ದರೂ ಫೋನ್ ತಾನೇ ಆನ್ ಮಾಡಿಕೊಳ್ಳುತ್ತದೆ. ಜಿಪಿಎಸ್ ಮತ್ತು ಸುತ್ತಲಿನ ವೈ-ಫೈ ನೋಡಿ ಜಾಗ ಗೊತ್ತುಮಾಡಿಕೊಂಡು, ಸುಮಾರು 20-25 ಸೆಕೆಂಡಿನಲ್ಲಿ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ. ಆ ಮೆಸೇಜ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಕರೆ ಎತ್ತಿಕೊಳ್ಳುವ ಬಿಟಿ (ಇಲ್ಲಿನ ಟೆಲಿಫೋನ್ ಕಂಪನಿ) ಆಪರೇಟರ್ ಮೂಲಕ ಆ ಮಾಹಿತಿ ಆಂಬುಲೆನ್ಸ್ ಅಥವಾ ಪೊಲೀಸರಿಗೆ ಸಿಗುತ್ತದೆ.

ಇದಕ್ಕೆ ಅಡ್ವಾನ್ಸ್ಡ್ ಮೊಬೈಲ್ ಲೊಕೇಶನ್ ಅನ್ನುತ್ತಾರೆ. 2014ರಲ್ಲಿ ಶುರುವಾಗಿದ್ದು ಇದೇ ಬ್ರಿಟನ್‌ನಲ್ಲಿ. 2016ರಲ್ಲಿ ಆಂಡ್ರಾಯ್ಡ್‌ಗೆ, 2018ರಲ್ಲಿ ಐಫೋನ್‌ಗೆ ಬಂತು. ಯಾವ ಆ್ಯಪೂ ಬೇಕಿಲ್ಲ. ಅದಕ್ಕೂ ಮೊದಲು ಮೊಬೈಲ್ ಟವರ್ ನೋಡಿ ಅಂದಾಜು ಮಾಡಬೇಕಿತ್ತು. ಹಳ್ಳಿ ಕಡೆ ಆ ಅಂದಾಜು ಎಷ್ಟೋ ಕಿಲೋಮೀಟರ್ ಅಗಲ ಇರುತ್ತಿತ್ತು. ಲೇಕ್ ಡಿಸ್ಟ್ರಿಕ್ಟ್‌ಗೆ ಚಾರಣ ಹೋಗುವ ನಮ್ಮ ಹುಡುಗರಿಗೆ ಇದು ಎಷ್ಟು ದೊಡ್ಡ ಆಸರೆ, ಯೋಚಿಸಿ.

ಆದರೆ ಪೂರ್ತಿ ಫೋನಿನ ಮೇಲೆ ಬಿಡಬೇಡಿ. ಬಯಲಿನಲ್ಲಿ ಜಾಗ ಚೆನ್ನಾಗಿ ಸಿಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಕಟ್ಟಡ ಗೊತ್ತಾದರೂ ಎಷ್ಟನೇ ಮಹಡಿ, ಯಾವ ಫ್ಲ್ಯಾಟ್ ಅನ್ನೋದನ್ನು ನೀವೇ ಹೇಳಬೇಕು. ಮನೆಯ ಪೋಸ್ಟ್‌ಕೋಡ್ ಬಾಯಿಪಾಠ ಇರಲಿ. ಹೊರಗಿದ್ದರೆ ಹತ್ತಿರದ ಅಂಗಡಿ, ಸ್ಟೇಷನ್ ಹೆಸರು ಹೇಳಿ. ಇಂಗ್ಲಿಷ್ ತೊಡಕಾದರೆ "ಕನ್ನಡ" ಅಂತ ಹೇಳಿ. ದುಭಾಷಿಯನ್ನು ಫೋನಿನಲ್ಲಿ ಸೇರಿಸಿಕೊಳ್ಳುವ ವ್ಯವಸ್ಥೆ ಇದೆ.

ಮಾತಾಡಿದರೇ ಅಪಾಯ ಅನ್ನುವ ಸ್ಥಿತಿಯೂ ಬರಬಹುದು, ಮುಖ್ಯವಾಗಿ ಮನೆಯೊಳಗೆ ಹಿಂಸೆ ಇರುವ ಹೆಣ್ಣುಮಕ್ಕಳಿಗೆ. ಆಗ ಮೊಬೈಲಿನಿಂದ 999 ಮಾಡಿ, ಕೆಮ್ಮಿ, ಇಲ್ಲವೇ ಫೋನನ್ನು ಮೆಲ್ಲಗೆ ತಟ್ಟಿ. ಆಪರೇಟರ್ ಹೇಳಿದಾಗ 55 ಒತ್ತಿದರೆ ಪೊಲೀಸರಿಗೆ ಕರೆ ದಾಟಿಸುತ್ತಾರೆ. 55 ಒತ್ತುವುದರಿಂದಲೇ ಜಾಗ ಗೊತ್ತಾಗುತ್ತದೆ ಅಂತ ಕೆಲವರು ಹೇಳುವುದು ತಪ್ಪು. ಸಾಧ್ಯವಾದರೆ ವಿಳಾಸವನ್ನು ಪಿಸುಗುಟ್ಟಿಯಾದರೂ ಹೇಳಿ.

ಇನ್ನೊಂದು ವಿಷಯ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ನೆಟ್‌ವರ್ಕ್ ಸಿಕ್ಕರೆ 999 ಹೋಗುತ್ತದೆ. ಆದರೆ ಸಿಮ್ಮೇ ಇಲ್ಲದ ಫೋನಿನಿಂದ ಈ ದೇಶದಲ್ಲಿ ಹೋಗುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮನ ಕೈಗೆ ಹಳೇ ಫೋನ್ ಕೊಟ್ಟು ಬರೀ ವೈ-ಫೈ ಹಾಕಿಕೊಡುವವರು ಬಹಳ ಜನ. ವಾಟ್ಸಾಪ್‌ಗೆ ಅಷ್ಟು ಸಾಕು, 999ಕ್ಕೆ ಸಾಲದು. ಅವರು ಬಂದ ದಿನವೇ ಇಲ್ಲಿನ ಒಂದು ಪ್ರೀಪೇಯ್ಡ್ ಸಿಮ್ ಹಾಕಿಕೊಡಿ.