ಸಣ್ಣ ಅಲೆಗೆ ಗಿಡ್ಡ, ಅಗಲ ಸರ್ಫ್ ಬೋರ್ಡ್: ಕಲಬುರಗಿಯಲ್ಲೇ ಮಾಡಿಕೊಳ್ಳಿ

ಮಳೆಗಾಲ ಮುಗಿದ ಮೇಲೆ ಮಂಗಳೂರು ಹತ್ತಿರದ ಮುಲ್ಕಿ ಕಡೆ ಸಮುದ್ರ ಶಾಂತವಾಗುತ್ತದೆ. ಅಲೆ ಚಿಕ್ಕದು, ಕಸುವೂ ಕಮ್ಮಿ. ಕಲಬುರಗಿ, ಬೀದರ್, ಯಾದಗಿರಿಯಿಂದ ರಜೆ ಹಾಕಿ ಸರ್ಫಿಂಗ್‌ಗೆ, ಅಂದರೆ ಬೋರ್ಡ್ ಮೇಲೆ ನಿಂತು ಅಲೆಯಲ್ಲಿ ಜಾರೋಕೆ, ಹೋಗುವ ನಮಗೆ ಹೆಚ್ಚಾಗಿ ಸಿಗೋದು ಇದೇ. ಇದಕ್ಕೆ ಗಿಡ್ಡ, ಅಗಲ ಬೋರ್ಡೇ ಸರಿ. ಅಷ್ಟು ದೂರ ಬಸ್ಸಲ್ಲಿ ಒಯ್ಯೋಕೂ ಸುಲಭ, ಅಲ್ವಾ?

70 ಕೆಜಿ ತೂಕದವರು, ಎದ್ದು ನಿಂತು ಬೋರ್ಡ್ ತಿರುಗಿಸೋಕೆ ಬರುವವರು, 5 ಅಡಿ 7 ಇಂಚು ಉದ್ದ, 21 ಇಂಚು ಅಗಲ, ಎರಡೂವರೆ ಇಂಚು ದಪ್ಪ ಇಟ್ಟುಕೊಳ್ಳಿ. ಬೋರ್ಡಿನ ಒಟ್ಟು ಗಾತ್ರ ಸುಮಾರು 33 ಲೀಟರ್ ಬರುತ್ತದೆ, ನಿಮ್ಮನ್ನು ತೇಲಿಸೋದು ಇದೇ. ಉದ್ದದಲ್ಲಿ ಕಳೆದದ್ದನ್ನು ಅಗಲದಲ್ಲಿ ತುಂಬಿಕೊಂಡಂತೆ.

ಆದರೆ ಸುಮ್ನೆ ಅಗಲ ಮಾಡಿದರೆ ಆಗಲ್ಲ. ಎಲ್ಲಕ್ಕಿಂತ ಮುಖ್ಯ ರಾಕರ್, ಅಂದರೆ ಪಕ್ಕದಿಂದ ನೋಡಿದಾಗ ಕಾಣುವ ಬಾಗು. ಬಾಗು ಜಾಸ್ತಿಯಾದರೆ ಬೋರ್ಡ್ ನೀರನ್ನು ತಳ್ಳುತ್ತಾ ನಿಂತುಬಿಡುತ್ತದೆ, ಕಮ್ಮಿ ಇದ್ದರೆ ಸ್ವಲ್ಪ ವೇಗಕ್ಕೇ ಮೇಲೆದ್ದು ಜಾರುತ್ತದೆ. ನಡುಭಾಗ ಹೆಚ್ಚುಕಮ್ಮಿ ಚಪ್ಪಟೆ ಇರಲಿ, ಮೂತಿ ನಾಲ್ಕು ಇಂಚಿನೊಳಗೆ, ಬಾಲ ಎರಡು ಇಂಚಿನೊಳಗೆ ಏಳಲಿ. ಪೂರ್ತಿ ಚಪ್ಪಟೆ ಮಾಡಿದರೆ ಮೂತಿ ನೀರಿಗೆ ಚುಚ್ಚಿಕೊಂಡು ನೀವು ಮುಂದಕ್ಕೆ ಬೀಳ್ತೀರಿ.

ಬಾಲ ಅಗಲವಾಗಿರಲಿ, ಮಧ್ಯೆ ಸೀಳಿರಲಿ. 1960ರ ದಶಕದಲ್ಲಿ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಮಾಡಿದ ಫಿಶ್ ಬೋರ್ಡಿನ ಗುಟ್ಟು ಇದೇ: ಅಗಲ ಬಾಲ ಎತ್ತಿ ಹಿಡಿಯುತ್ತದೆ, ತಿರುಗುವಾಗ ಮಾತ್ರ ಒಂದು ಬದಿಯ ಚೂಪು ತುದಿ ನೀರನ್ನು ಕಚ್ಚಿಕೊಳ್ಳುತ್ತದೆ. ಫಿನ್, ಅಂದರೆ ಬಾಲದ ಕೆಳಗೆ ಕೂರಿಸುವ ಮೀನಿನ ರೆಕ್ಕೆಯಂಥದ್ದು, ಎರಡೇ ಸಾಕು. ಮುಂದಿನ ಅಂಚು ಗುಂಡಗೆ ಇರಲಿ, ಬಾಲದ ಹತ್ತಿರ ಒಂದು ಅಡಿಯಷ್ಟು ಕೆಳಅಂಚು ಚೂಪಾಗಿರಲಿ, ಅಲ್ಲಿಂದ ನೀರು ಬಿಟ್ಟುಕೊಂಡು ಹೋಗಬೇಕು.

ಇನ್ನು ನಮ್ಮ ಬಿಸಿಲಿನ ವಿಷಯ. ಬೋರ್ಡಿನ ಒಳಭಾಗಕ್ಕೆ ಗಟ್ಟಿ ಥರ್ಮಾಕೋಲ್ ತಗೊಂಡರೆ ಎಪಾಕ್ಸಿಯೇ (ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ರೆಸಿನ್, ಅಂದರೆ ಅಂಟು) ಹಚ್ಚಿ, ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಮೇಲೆ ಎರಡು ಪದರ ಗ್ಲಾಸ್ ಬಟ್ಟೆ (ಫೈಬರ್‌ಗ್ಲಾಸ್ ನೇಯ್ಗೆ), ಕೆಳಗೆ ಒಂದು. ಈ ಕೆಲಸ ಬೆಳಿಗ್ಗೆ ಶುರು ಮಾಡಲೇಬೇಡಿ. ಬಿಸಿಲು ಏರಿದಂತೆ ಥರ್ಮಾಕೋಲಿನೊಳಗಿನ ಗಾಳಿ ಹಿಗ್ಗಿ, ಹಸಿ ಎಪಾಕ್ಸಿಯಲ್ಲಿ ಗುಳ್ಳೆ ಏಳುತ್ತದೆ. ಸಂಜೆ ಹೊತ್ತು, ಕೋಣೆ ತಣ್ಣಗಾಗುತ್ತಿರುವಾಗ ಹಚ್ಚಿದರೆ ಒಳಗಿನ ಗಾಳಿ ಕುಗ್ಗಿ, ರೆಸಿನನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಮೇ ತಿಂಗಳಲ್ಲಿ, 40 ಡಿಗ್ರಿ ದಾಟಿದಾಗ, ಕಲಸಿದ ಎಪಾಕ್ಸಿ ಡಬ್ಬಿಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಕೂಡಲೇ ಬಟ್ಟೆ ಮೇಲೆ ಸುರಿದು ಹರಡಿ. ಕೈಗವಸು ಹಾಕಿಕೊಳ್ಳಿ, ಉಜ್ಜುವಾಗ ಮಾಸ್ಕ್ ಬೇಕೇ ಬೇಕು.

ಬಣ್ಣ ಬಿಳಿಯೇ ಇರಲಿ. ಕಪ್ಪು ಬಳಿದು ತಾರಸಿ ಮೇಲೆ ಬಿಟ್ಟರೆ ಗ್ಲಾಸ್ ಪದರ ಉಬ್ಬಿ ಬಿಟ್ಟುಕೊಳ್ಳುತ್ತದೆ.