ಮಲಾವಿಯ ಹಳ್ಳಿಗಾಡಿನಲ್ಲಿ ನಡಿಗೆ ಮತ್ತು ಓಟ

ಕೆಲಸದ ನಿಮಿತ್ತ ಮಲಾವಿಯ ಮಧ್ಯಭಾಗದ ಹಳ್ಳಿಗಳಲ್ಲಿ ನೆಲೆಸುವವರು ಬೂಟಿನ ಲೇಸು ಕಟ್ಟುವ ಮೊದಲು ಚಿಚೇವಾ ಭಾಷೆಯ ಎರಡು ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಬೆಳಿಗ್ಗೆ ಎದುರಾದವರು ‘ಮ್ವಾಡ್ಜುಕಾ ಬ್ವಾಂಜಿ?’, ಅಂದರೆ ‘ಹೇಗೆ ಎದ್ದಿರಿ?’ ಎಂದು ಕೇಳುತ್ತಾರೆ. ‘ನ್ಡಾಡ್ಜುಕಾ ಬ್ವಿನೊ, ಕಾಯಾ ಇನು?’, ಅಂದರೆ ‘ಚೆನ್ನಾಗಿ ಎದ್ದೆ, ನೀವು?’ ಎಂದು ಉತ್ತರಿಸಬೇಕು. ಮಧ್ಯಾಹ್ನ ಕಳೆದ ಮೇಲೆ ಪ್ರಶ್ನೆ ‘ಮ್ವಾಸ್ವೆರಾ ಬ್ವಾಂಜಿ?’ ಎಂದಾಗುತ್ತದೆ.

ಈ ಮಾತನ್ನು ಓಡುತ್ತಲೇ ಮುಗಿಸಲಾಗದು. ಮೊದಲ ವಾರ ನಾನು ಕೈಬೀಸಿ ಮುಂದೆ ಓಡುತ್ತಿದ್ದೆ. ನಮ್ಮ ಮನೆಯ ಕಾವಲುಗಾರರು ಒಂದು ಸಂಜೆ ಬಹಳ ಗಂಭೀರವಾಗಿ, ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೆಯೇ ಎಂದು ಕೇಳಿದರು. ತಲೆಯ ಮೇಲೆ ನೀರಿನ ಬಕೆಟ್ ಹೊತ್ತಿದ್ದರೂ ಮಂಡಿ ತುಸು ಬಗ್ಗಿಸಿ ವಂದಿಸುವ ಹೆಂಗಸಿನ ಎದುರು ದೂಳೆಬ್ಬಿಸಿಕೊಂಡು ಹಾದುಹೋಗುವುದು ಒರಟುತನವೇ ಸರಿ. ಆದ್ದರಿಂದ ಹತ್ತು ಹೆಜ್ಜೆ ದೂರವಿರುವಾಗಲೇ ನಡಿಗೆಗೆ ಇಳಿಯಿರಿ, ಮಾತನಾಡಿಸಿ, ಅವರು ದಾಟಿದ ಮೇಲೆ ಮತ್ತೆ ಓಡಿ. ಗಡಿಯಾರ ನೋಡಿಕೊಂಡು ತಡೆಯಿಲ್ಲದೆ ಓಡಲೇಬೇಕೆಂಬ ದಿನ ಶಾಲೆಯವರ ಅನುಮತಿ ಪಡೆದು ಆಟದ ಮೈದಾನವನ್ನು ಸುತ್ತುವುದೇ ಮೇಲು. ನಡೆದು ಹೋಗುವಾಗ ಕಾಬಾಜಾ, ಅಂದರೆ ಬಾಡಿಗೆ ಸೈಕಲ್ಲಿನವರು, ನಿಮ್ಮನ್ನು ಕಂಡು ಮರುಗಿ ನಿಲ್ಲಿಸುತ್ತಾರೆ. ‘ಜಿಕೊಮೊ, ನ್ಡಿಕುಯೆಂಡಾ’ (ವಂದನೆ, ನಡೆಯುತ್ತಿದ್ದೇನೆ) ಎಂದರೆ ಸಾಕು.

ಉಡುಪಿನಲ್ಲಿ ಎಚ್ಚರ ಬೇಕು. ದೇಶದ ಮೊದಲ ಅಧ್ಯಕ್ಷ ಹೇಸ್ಟಿಂಗ್ಸ್ ಬಾಂಡಾ ಅವರ ಆಳ್ವಿಕೆಯಲ್ಲಿ ಹೆಂಗಸರು ಪ್ಯಾಂಟು ಅಥವಾ ಗಿಡ್ಡ ಲಂಗ ತೊಡುವುದು ಕಾನೂನಿಗೇ ವಿರುದ್ಧವಾಗಿತ್ತು. ಆ ಕಾನೂನು 1990ರ ದಶಕದಲ್ಲಿ ಹೋಯಿತಾದರೂ ಹಳ್ಳಿಯಲ್ಲಿ ಹೆಂಗಸರ ತೊಡೆ ಕಾಣಿಸುವುದನ್ನು ಈಗಲೂ ಸಭ್ಯವೆಂದು ಎಣಿಸುವುದಿಲ್ಲ. ಮಹಿಳೆಯರು ಓಟದ ಚಡ್ಡಿಯ ಮೇಲೆ ಚಿತೆಂಜೆ ಬಟ್ಟೆಯನ್ನು ಸುತ್ತಿಕೊಂಡು ಊರಾಚೆ ಹೋಗಿ, ಅಲ್ಲಿ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು.

ಜೂನ್ ತಿಂಗಳಲ್ಲಿ ಸೂರ್ಯ ಸಂಜೆ ಐದೂವರೆಗೆ ಮೊದಲೇ ಮುಳುಗಿ ಥಟ್ಟನೆ ಕತ್ತಲಾಗುವುದರಿಂದ ಸಂಜೆಯ ಓಟವನ್ನು ನಾಲ್ಕಕ್ಕೇ ಆರಂಭಿಸಿ. ಮಲೇರಿಯಾ ಹರಡುವ ಸೊಳ್ಳೆಗಳು ಮುಸ್ಸಂಜೆಯಿಂದ ಮುಂಜಾವಿನವರೆಗೆ ಕಚ್ಚುತ್ತವೆ. ನಮ್ಮ ಕೊಳಕುಮಂಡಲದಂತೆಯೇ ದಪ್ಪ ಮೈಯ ಪಫ್ ಆಡರ್ ಹಾವು ಹೆಜ್ಜೆಸಪ್ಪಳಕ್ಕೆ ಸರಿಯದೆ ದಾರಿಯಲ್ಲೇ ಬಿದ್ದಿರುವುದುಂಟು, ಆದ್ದರಿಂದ ಟಾರ್ಚ್ ಇಲ್ಲದೆ ಕಾಲುದಾರಿ ಹಿಡಿಯಬೇಡಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ. ಕೆಮ್ಮಣ್ಣು ಜಾರುತ್ತದೆ, ಫೆಬ್ರವರಿಯ ಹೊತ್ತಿಗೆ ಮುಸುಕಿನ ಜೋಳ ತಲೆಯೆತ್ತರ ಬೆಳೆದು ನಿನ್ನೆಯ ಗುರುತುಗಳೆಲ್ಲ ಮರೆಯಾಗುತ್ತವೆ. ಡಾಂಬರು ರಸ್ತೆಗೆ ಬಂದರೆ ವಾಹನಗಳು ನಮ್ಮಲ್ಲಿಯಂತೆ ಎಡಗಡೆ ಚಲಿಸುತ್ತವೆಯಾದ್ದರಿಂದ ಬಲಬದಿಯಲ್ಲಿ, ಅವುಗಳಿಗೆ ಎದುರಾಗಿ ನಡೆಯಿರಿ.

ಕೆಸರಾದ ಕಾಲನ್ನು ಹೊಂಡದಲ್ಲಾಗಲಿ ನಿಧಾನವಾಗಿ ಹರಿಯುವ ತೊರೆಯಲ್ಲಾಗಲಿ ತೊಳೆಯಬೇಡಿ. ಸಿಹಿನೀರಿನ ಬಸವನಹುಳುಗಳಿಂದ ಬರುವ ಬಿಲ್ಹಾರ್ಜಿಯಾ ಎಂಬ ಪರಾವಲಂಬಿ ಹುಳುವಿನ ರೋಗ ಚರ್ಮದ ಮೂಲಕವೇ ಒಳಸೇರುತ್ತದೆ. ಬರಿಗಾಲಲ್ಲಿ ಓಡಿದರೆ ಮಾಟೆಕೆನ್ಯಾ ಎಂಬ ಮಣ್ಣುಚಿಗಟ ಉಗುರಿನಂಚಿನಲ್ಲಿ ಹೊಕ್ಕು ನಡುವೆ ಕಪ್ಪು ಚುಕ್ಕೆಯಿರುವ ಬಿಳಿ ಗುಳ್ಳೆಯಾಗುತ್ತದೆ. ನಾಯಿ ಕಚ್ಚಿದರೆ ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು ಅಂದೇ ರೇಬೀಸ್ ಲಸಿಕೆಗೆ ಹೊರಡಬೇಕು. ಲಸಿಕೆ ಎಲ್ಲಿ ಸಿಗುತ್ತದೆಂಬುದನ್ನು ಊರಿಗೆ ಬಂದ ವಾರವೇ ವಿಚಾರಿಸಿಡಿ.

ಚೇವಾ ಜನರ ಗುಲೆ ವಾಮ್ಕುಲು ನೃತ್ಯದ ಮುಖವಾಡಧಾರಿಗಳು ದಾರಿಯಲ್ಲಿ ಎದುರಾದರೆ ಫೋಟೊ ತೆಗೆಯದೆ ದೂರ ಸರಿದು ದಾರಿ ಬಿಡಿ. ರಸ್ತೆಗೆ ಅಡ್ಡವಾಗಿ ಹಸಿರು ಕೊಂಬೆಗಳನ್ನು ಹಾಕಿದ್ದರೆ ಮುಂದೆ ಲಾರಿ ಕೆಟ್ಟು ನಿಂತಿರಬಹುದು ಇಲ್ಲವೇ ಸಾವಿನ ಮನೆಯಿರಬಹುದು. ಮನೆಯಂಗಳದಲ್ಲಿ ಜನ ನೆಲದ ಮೇಲೆ ಮೌನವಾಗಿ ಕುಳಿತಿದ್ದರೆ ಟೋಪಿ ತೆಗೆದು, ಆ ಮನೆ ಹಿಂದಾಗುವವರೆಗೆ ನಿಧಾನವಾಗಿ ನಡೆಯಿರಿ.